ಬೋರ್ಡಿಗೆ ಹೋದ ಮಾತು

ಬಸ್ ನಿಲ್ದಾಣದಲ್ಲಿ ಎಲ್ಲರೂ ನನ್ನನ್ನು ಬೋರ್ಡಕ್ಕ ಎಂದೇ ಕರೆಯುವುದು. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಯಾರಾದರೂ ನನ್ನ ನಿಜವಾದ ಹೆಸರು ಹಿಡಿದು ಕೂಗಿದರೆ ಬೇರೆ ಯಾರನ್ನೋ ಕರೆಯುತ್ತಿದ್ದಾರೆ ಅಂದುಕೊಂಡು ಸುಮ್ಮನಿರುತ್ತೇನೆ. ನಿಲ್ದಾಣದ ನಟ್ಟನಡುವೆ, ಜನರ ತಲೆಯ ಮೇಲೆ, ಗೋಡೆಯ ಉದ್ದಕ್ಕೂ ಒಂದು ಬೋರ್ಡಿದೆ. ಯಾವ ಬಸ್ಸು ಯಾವ ಪ್ಲಾಟ್‌ಫಾರಂಗೆ ಬರುತ್ತದೆ, ಯಾವುದು ತಡ, ಯಾವುದು ರದ್ದು ಎನ್ನುವುದೆಲ್ಲ ಅದರ ಮೇಲೆ ಗೇಣುದ್ದದ ಹಳದಿ ಅಕ್ಷರಗಳಲ್ಲಿ ಮೂಡುತ್ತದೆ. ಮಹಡಿಯ ಮೇಲಿನ ಗಾಜಿನ ಕೋಣೆಯಲ್ಲಿ ಕೂತು ಆ ಅಕ್ಷರಗಳನ್ನು ಟೈಪ್ ಮಾಡುವವಳು ನಾನು.

ಈ ಕೆಲಸದಲ್ಲಿ ಸ್ಕ್ರೀನ್ ನೋಡುತ್ತ ಕೂತರೆ ಕೆಟ್ಟ ಹಾಗೆಯೇ. ಗೇಟಿನಲ್ಲಿ ಬಸ್ಸಿನ ಮೂತಿ ಕಾಣಿಸಿದ ಕೂಡಲೇ ಅದರ ನಂಬರು ಓದಿ, ಯಾವ ಪ್ಲಾಟ್‌ಫಾರಂ ಖಾಲಿ ಇದೆ ನೋಡಿ, ಅದು ತಿರುವು ಮುಗಿಸುವುದರೊಳಗೆ ಬೋರ್ಡಿನ ಮೇಲೆ ಹಾಕಿಬಿಡಬೇಕು. ಡ್ರೈವರುಗಳು ಬೋರ್ಡು ನೋಡಿಕೊಂಡೇ ಸ್ಟೀರಿಂಗ್ ತಿರುಗಿಸುವುದು. ಹಾಗಾಗಿ ನನ್ನ ಕಣ್ಣು ಗೇಟಿನ ಮೇಲೆ, ಬೆರಳು ಕೀಬೋರ್ಡಿನ ಮೇಲೆ. ಟೈಪಿಂಗ್ ಹೇಳಿಕೊಟ್ಟ ಮೇಡಂ ಕೀಗಳ ಮೇಲೆ ಕರ್ಚೀಫು ಹೊದಿಸಿ ಕಲಿಸಿದ್ದರು. ಹೊಡೆದದ್ದನ್ನು ತಿರುಗಿ ನೋಡುವ ಅಭ್ಯಾಸ ನನಗಿಲ್ಲ, ನೋಡುವ ಅಗತ್ಯವೂ ಬಿದ್ದಿರಲಿಲ್ಲ. ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು ಅನ್ನಿ.

ಹೊಸ ಕಂಪ್ಯೂಟರು ಬಂದು ಆ ಜಂಬ ಇಳಿಸಿತು. ಹಳೆಯದನ್ನು ಹೊತ್ತುಕೊಂಡು ಹೋಗಿ ಲಿನಕ್ಸ್ ಹಾಕಿದ ಯಂತ್ರ ತಂದಿಟ್ಟರು. ಗಟ್ಟಿಮುಟ್ಟು, ವೈರಸ್ಸಿನ ಕಾಟ ಇಲ್ಲ, ವರ್ಷಗಟ್ಟಲೆ ನಿಲ್ಲದೆ ಓಡುತ್ತದೆ ಎಂದು ಹೊಗಳಿದ್ದೇ ಹೊಗಳಿದ್ದು. ಇರಬಹುದು. ಆದರೆ ಅದಕ್ಕೊಂದು ಚಾಳಿ. ಬೋರ್ಡಿನ ವಿಂಡೋ ಎಡಗಡೆ ಯಾವಾಗಲೂ ತೆರೆದಿರುತ್ತದೆ. ಇನ್ನೊಂದು ಪ್ರೋಗ್ರಾಂ ತೆರೆದರೆ ಅದು ಬಲಗಡೆ ಬಂದು ಕೂರುತ್ತದೆ. ಬಂತಲ್ಲ ಎಂದು ಟೈಪ್ ಮಾಡಿದರೆ, ಅಕ್ಷರ ಒಮ್ಮೆ ಹೊಸದಕ್ಕೆ ಹೋಗುತ್ತದೆ, ಇನ್ನೊಮ್ಮೆ ಹಳೆಯದಕ್ಕೇ ಹೋಗುತ್ತದೆ. ಹೋದ ವಾರ ವೇಳಾಪಟ್ಟಿಯಲ್ಲಿ ಹುಡುಕಲು ಒಂದು ಊರಿನ ಹೆಸರು ಹೊಡೆದೆ. ಅದು ಬೋರ್ಡಿನ ಮೇಲೆ ಮೂಡಿ, ಇಲ್ಲದ ಬಸ್ಸು ಹಿಡಿಯಲು ಜನ ಗಂಟುಮೂಟೆ ಹೊತ್ತುಕೊಂಡು ಓಡಿದ್ದರು.

ಕಂಪ್ಯೂಟರ್ ನೋಡಿಕೊಳ್ಳುವವನಿಗೆ ನಾನು ಇಟ್ಟ ಹೆಸರು ಆಯ್ತುಬಿಡಿ. ಏನು ಹೇಳಿದರೂ 'ಆಯ್ತು ಬಿಡಿ ಮೇಡಂ' ಎನ್ನುತ್ತಾನೆ, ಆಗುವುದು ಮಾತ್ರ ಏನೂ ಇಲ್ಲ. ಅವತ್ತು ಬೆಳಿಗ್ಗೆಯೂ ಅವನಿಗೆ ಫೋನಾಯಿಸಿ ಬೈದಿದ್ದೆ.

"ಅದು ಫೋಕಸ್ ಸಮಸ್ಯೆ ಮೇಡಂ" ಎಂದ. "ಕೀಬೋರ್ಡು ಯಾವ ವಿಂಡೋ ಮಾತು ಕೇಳ್ಬೇಕು ಅನ್ನೋದು. ನೀವು ಹೊಸದು ತೆರೆಯೋಕೆ ಕ್ಲಿಕ್ ಮಾಡ್ತೀರಾ, ಅದು ಬರೋಕೆ ಒಂದೆರಡು ಸೆಕೆಂಡ್ ಬೇಕು. ಅಷ್ಟರಲ್ಲಿ ನೀವು ಹಳೇದರಲ್ಲಿ ಏನಾದ್ರೂ ಟೈಪ್ ಮಾಡಿದ್ರೆ, ಓ, ಇವರಿಗಿನ್ನೂ ಅಲ್ಲೇ ಕೆಲಸ ಇದೆ ಅಂತ ಅದು ಕೀಬೋರ್ಡನ್ನ ಹಳೇದಕ್ಕೇ ಬಿಟ್ಟಿರುತ್ತೆ. ನಿಮ್ಮ ಒಳ್ಳೇದಕ್ಕೇ ಅದು."

"ನನ್ನ ಒಳ್ಳೇದು ಅದಕ್ಯಾಕಪ್ಪ? ಗೇಟಲ್ಲಿ ಬಸ್ ಬಂದ್ರೆ ನಾನು ಟೈಪ್ ಮಾಡ್ಲೇಬೇಕು. ಅದು ನಿಧಾನವಾಗಿ ಬಾಗಿಲು ತೆಗೆಯೋವರೆಗೆ ಕೈಕಟ್ಟಿ ಕೂರ್ಲಾ?"

"ಹೊಸ ವಿಂಡೋ ಒಳಗೆ ಒಂದು ಸಲ ಕ್ಲಿಕ್ ಮಾಡಿ, ಆಮೇಲೆ ಟೈಪ್ ಮಾಡಿ. ಅಷ್ಟೇ. ಮಧ್ಯಾಹ್ನ ಬಂದು ನೋಡ್ತೀನಿ."

"ಮರೀಬೇಡ."

"ಆಯ್ತು ಬಿಡಿ ಮೇಡಂ."

ಬೇರೆ ದಿನವಾಗಿದ್ದರೆ ಇನ್ನೂ ನಾಲ್ಕು ಮಾತು ಹೆಚ್ಚು ಬೈಯುತ್ತಿದ್ದೆ. ಅವತ್ತು ನನ್ನ ಜೀವ ಬೇರೆಲ್ಲೋ ಇತ್ತು. ತಂಗಿ ಗಂಡನ ಮನೆ ಬಿಟ್ಟು ಬರುವವಳಿದ್ದಳು.

ಅವಳ ಗಂಡನನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಈಗ ಎರಡು ಗಂಟೆ ದೂರದ ಊರಿನಲ್ಲಿ ಶಾಲೆಯ ಕೆಲಸ; ಅದಕ್ಕೂ ಮುಂಚೆ ಬಹಳ ವರ್ಷ ನಮ್ಮ ಊರಿನಲ್ಲೇ ಗಣಿತದ ಟ್ಯೂಷನ್ ಹೇಳುತ್ತಿದ್ದ. ನಮ್ಮ ನಿಲ್ದಾಣದ ಎಷ್ಟೋ ಕಂಡಕ್ಟರುಗಳ ಮಕ್ಕಳು ಅವನ ಹತ್ತಿರ ಕಲಿತು ಪಾಸಾದವರು. ಮೆದು ಮಾತು, ಇಸ್ತ್ರಿ ಮಾಡಿದ ಅಂಗಿ, ಎದುರು ಸಿಕ್ಕವರ ಮಕ್ಕಳ ಹೆಸರು ಹಿಡಿದು ವಿಚಾರಿಸುವ ಸೌಜನ್ಯ. ಮನೆಯೊಳಗೆ ಆ ಮನುಷ್ಯನೇ ಬೇರೆ. ಮೊದಲ ಸಲ ತಂಗಿಯ ಕೈ ಮುರಿದಾಗ ಬಚ್ಚಲಲ್ಲಿ ಜಾರಿ ಬಿದ್ದೆ ಎಂದಳು. ಎರಡನೆಯ ಸಲ ಮೆಟ್ಟಿಲು ಎಂದಳು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕುವಾಗ ಪಕ್ಕದಲ್ಲಿ ನಾನೊಬ್ಬಳೇ ಇದ್ದೆ. ಆಗ ಬಾಯಿಬಿಟ್ಟಳು. ಅಮ್ಮನಿಗೆ ಹೇಳಿದರೆ ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, ಮನೆ ಮಾತು ಮನೆಯಲ್ಲೇ ಇರಲಿ, ನಾಲ್ಕು ಜನಕ್ಕೆ ಗೊತ್ತಾದರೆ ಅವಳು ತಲೆಯೆತ್ತಿ ತಿರುಗುವುದು ಹೇಗೆ ಎಂದಳು. ಗೊತ್ತಾಗದಿದ್ದಾಗ ಅವಳು ಯಾವ ತಲೆಯೆತ್ತಿ ತಿರುಗುತ್ತಿದ್ದಳೋ ನನಗೆ ಕಾಣೆ. ಅಂತೂ ನಮ್ಮ ಮೂವರನ್ನು ಬಿಟ್ಟರೆ ಹೊರಗಿನ ಒಂದು ನರಪಿಳ್ಳೆಗೂ ವಿಷಯ ಗೊತ್ತಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಅವಳ ಮೆಸೇಜು ಬಂದಿತ್ತು. 'ಹೊರಟೆ ಅಕ್ಕ. ಮಗಳೂ ಇದಾಳೆ. ಅವರು ಶಾಲೆಯಲ್ಲಿದಾರೆ. ಫೋನಲ್ಲಿ ಚಾರ್ಜ್ ಕಮ್ಮಿ.' ಕೋಣೆಯೊಳಗೆ ಫೋನು ತರುವಂತಿಲ್ಲ, ಕೆಳಗೆ ನಿಲ್ದಾಣ ನೋಡಿಕೊಳ್ಳುವ ಕಂಟ್ರೋಲರ್ ಅವರ ಡ್ರಾಯರಿನಲ್ಲಿಟ್ಟು ಬರಬೇಕು. ಆದರೆ ಚಾಟ್ ಕಂಪ್ಯೂಟರಿನಲ್ಲೂ ತೆರೆಯುತ್ತದಲ್ಲ. ಓದಿ, 'ಬಾ, ನಾನಿದೀನಿ' ಎಂದು ಬರೆದು ಮುಚ್ಚಿದೆ. ಸಂಜೆ ಅವಳನ್ನು ನೇರವಾಗಿ ನನ್ನ ಮನೆಗೆ ಕರೆದುಕೊಂಡು ಹೋಗುವುದು, ಬಾಗಿಲು ಹಾಕಿಕೊಂಡು ನಿದ್ದೆ ಮಾಡಿಸುವುದು, ಮುಂದಿನದ್ದು ಆಮೇಲೆ. ಇಷ್ಟೇ ನನ್ನ ಯೋಜನೆ.

ಊಟದ ಡಬ್ಬಿ ತೆಗೆದವಳು ಎರಡು ತುತ್ತು ತಿಂದು ಮುಚ್ಚಿಟ್ಟೆ. ಗೇಟಿಗೆ ಬರುವ ಪ್ರತಿಯೊಂದು ಬಸ್ಸೂ ಅವಳದೇ ಅನ್ನಿಸುತ್ತಿತ್ತು, ಅವಳ ಬಸ್ಸಿಗೆ ಇನ್ನೂ ಬಹಳ ಹೊತ್ತಿದೆ ಎಂದು ಗೊತ್ತಿದ್ದರೂ.

ಬಿಸಿಲು ಸ್ವಲ್ಪ ಓರೆಯಾದ ಹೊತ್ತಿಗೆ ಮೇಷ್ಟ್ರು ಕಾಣಿಸಿದ.

ಏಳನೇ ಪ್ಲಾಟ್‌ಫಾರಂನ ಕಂಬದ ಹತ್ತಿರ, ತೋಳಿಗೆ ಹೆಲ್ಮೆಟ್ ಸಿಕ್ಕಿಸಿಕೊಂಡು ನಿಂತಿದ್ದ. ಅವಳು ಹೊರಟದ್ದು ಯಾರ ಬಾಯಿಂದ ತಿಳಿಯಿತೋ, ಬೈಕಿನಲ್ಲಿ ಬಂದು ಬಸ್ಸಿಗಿಂತ ಮೊದಲೇ ತಲುಪಿದ್ದ. ಉಳಿದವುಗಳ ಹಾಗಲ್ಲ, ಆ ಊರಿನ ಬಸ್ಸಿಗೆ ಏಳನೆಯದೇ ಖಾಯಂ, ಅದು ಅವನಿಗೂ ಗೊತ್ತು. ಒಬ್ಬ ಕಂಡಕ್ಟರು ಅವನ ಕೈ ಕುಲುಕಿ ನಗುತ್ತ ಏನೋ ಮಾತಾಡಿದ. ಇವನೂ ನಕ್ಕ. ಆಮೇಲೆ ತಲೆಯೆತ್ತಿ, ನೇರವಾಗಿ ನನ್ನ ಗಾಜಿನ ಕಡೆ ನೋಡಿ, ನೆಂಟರನ್ನು ಕಂಡವನ ಹಾಗೆ ಕೈ ಬೀಸಿದ.

ನನ್ನ ಕೈ ತಾನಾಗಿಯೇ ಮೌಸಿಗೆ ಹೋಗಿ ಚಾಟ್ ಕ್ಲಿಕ್ ಮಾಡಿತು. ಅದು ತೆರೆದುಕೊಳ್ಳುವುದರೊಳಗೆ ಗೇಟಿನಲ್ಲಿ ಒಂದು ಬಸ್ಸು ಮೂತಿ ತೂರಿಸಿತು. ಅದಕ್ಕೆ ಮೂರನೇ ಪ್ಲಾಟ್‌ಫಾರಂ ಹೊಡೆದು ಕಳಿಸಿದೆ. ಓರೆಗಣ್ಣಿಗೆ ಬಲಗಡೆ ಚಾಟಿನ ವಿಂಡೋ ಬಂದು ಕೂತದ್ದು ಕಾಣಿಸಿತು. ಬಂತಲ್ಲ. ಕಣ್ಣನ್ನು ಅವನಿಂದ ಕೀಳದೆ ಬೆರಳು ಓಡಿಸಿದೆ.

'ನಿನ್ನ ಗಂಡ ಇಲ್ಲೇ ಬಂದು ಕಾಯ್ತಿದಾನೆ. ಇಲ್ಲಿ ಇಳೀಬೇಡ. ಹಿಂದಿನ ಸ್ಟಾಪಲ್ಲೇ ಇಳಿದು ಅಂಗಡಿ ಒಳಗೆ ಕೂತಿರು. ಈ ಸಲ ಅವನ ಕೈಗೆ ಸಿಕ್ಕಿದ್ರೆ ನಿನ್ನ ಉಳಿಸಲ್ಲ.'

ಎಂಟರ್ ಒತ್ತಿದೆ.

ಬೋರ್ಡಿಗೆ ಹೊಸ ಸಾಲು ಬಂದಾಗ ಕೆಳಗೆ ಗಂಟೆ ಬಡಿಯುತ್ತದೆ, ಜನ ನೋಡಲಿ ಎಂದು. ಗಂಟೆ ಬಡಿಯಿತು. ಬೆಂಚಿನ ಮೇಲಿದ್ದವರು, ಟೀ ಲೋಟ ಹಿಡಿದಿದ್ದವರು, ಸಾಲಿನಲ್ಲಿ ನಿಂತಿದ್ದವರು ಎಲ್ಲರೂ ಒಟ್ಟಿಗೆ ತಲೆಯೆತ್ತಿದರು. ಕಂಬದ ಹತ್ತಿರ ಅವನೂ ಎತ್ತಿದ.

ಎತ್ತಿದ ತಲೆಯನ್ನು ಯಾರೂ ಇಳಿಸಲಿಲ್ಲ; ಬಸ್ಸಿನ ನಂಬರಿಗಾಗಿ ಅಷ್ಟು ಹೊತ್ತು ಯಾರೂ ಬೋರ್ಡು ನೋಡುವುದಿಲ್ಲ. ನನಗೆ ಆಗಲೇ ತಿಳಿಯಿತು. ಸ್ಕ್ರೀನಿನ ಕಡೆ ತಿರುಗಿದರೆ, ಚಾಟಿನ ಪೆಟ್ಟಿಗೆ ಬಿಳಿಯಾಗಿ, ಖಾಲಿಯಾಗಿ ಕೂತಿತ್ತು. ಆಯ್ತುಬಿಡಿಯ ವಂಶವನ್ನೆಲ್ಲ ಮನಸ್ಸಿನಲ್ಲೇ ಶಪಿಸುತ್ತ, ಚಾಟಿನೊಳಗೆ ಕ್ಲಿಕ್ ಮಾಡಿ ಅದನ್ನೇ ಮತ್ತೆ ಬರೆದು ಕಳಿಸಿದೆ. ಒಂದೇ ಗೀಟು ಬಂತು. ಮೆಸೇಜು ತಲುಪಿದ್ದಕ್ಕೆ ಬರುವ ಎರಡನೆಯದು ಬರಲಿಲ್ಲ. ಅವಳ ಫೋನು ಸತ್ತಿತ್ತು.

ಗಾಜಿನಾಚೆ, ಗೇಟಿಗೆ ಮುಂಚಿನ ಸಿಗ್ನಲ್ಲಿನಲ್ಲಿ ಅವಳ ಬಸ್ಸು ಆಗಲೇ ನಿಂತಿತ್ತು. ಹಿಂದಿನ ಸ್ಟಾಪು ದಾಟಿಯಾಗಿತ್ತು.

ಇಂಟರ್‌ಕಾಮ್ ಬಡಿದುಕೊಂಡಿತು. ಕಂಟ್ರೋಲರ್ ದನಿಯಲ್ಲಿ ಗಾಬರಿ.

"ಏನಮ್ಮ ಅದು ಬೋರ್ಡ್ ಮೇಲೆ? ಯಾರ ಗಂಡ? ಮೊದಲು ಅಳಿಸಿ."

"ಸರ್, ತಪ್ಪಾಗಿ ಹೋಯ್ತು. ಅದು ಚಾಟಿಗೆ—"

"ಏನಾದ್ರೂ ಆಗ್ಲಿ, ಅಳಿಸಿ. ಮೇಲಿನವರು ನೋಡಿದ್ರೆ ನಿಮ್ಮ ಕೆಲಸಾನೂ ಹೋಗುತ್ತೆ, ನಂದೂ ಹೋಗುತ್ತೆ."

ಅಳಿಸುವ ಬಟನ್ನು ಬೋರ್ಡಿನ ವಿಂಡೋದಲ್ಲೇ ಇದೆ, ಕೆಂಪು ಬಣ್ಣದ್ದು. ಮೌಸ್ ಅದರ ಮೇಲೆ ತಂದೆ. ಕೆಳಗೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಅವರಿಗೆ ಇದು ಯಾರದೋ ಗಂಡ, ಯಾರದೋ ಹೆಂಡತಿ. ಇಲ್ಲವೇ ಯಾವುದೋ ನಾಟಕದ ಜಾಹೀರಾತು. ಒಬ್ಬ ನಗುತ್ತ ಫೋನಿನಲ್ಲಿ ಫೋಟೊ ತೆಗೆಯುತ್ತಿದ್ದ. ಮೇಷ್ಟ್ರು ಮಾತ್ರ ಪೂರ್ತಿ ಓದಿ ಮುಗಿಸಿ, ನನ್ನ ಕಡೆ ನೋಡಿ, ಮೆಲ್ಲಗೆ ತಲೆಯಾಡಿಸಿದ. ಲೆಕ್ಕ ತಪ್ಪಿದ ಹುಡುಗಿಗೆ ತಲೆಯಾಡಿಸುವ ಹಾಗೆ. ಆಮೇಲೆ ಕಂಬ ಬಿಟ್ಟು, ಬಸ್ಸಿನ ಬಾಗಿಲು ಎಲ್ಲಿ ಬಂದು ನಿಲ್ಲುತ್ತದೆಯೋ ಸರಿಯಾಗಿ ಅಲ್ಲಿಗೆ ಹೋಗಿ ನಿಂತುಕೊಂಡ. ಹೆಲ್ಮೆಟನ್ನು ತೋಳಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡ.

ನಾನು ಕೆಳಗೆ ಓಡಿದರೆ ಎರಡು ಮಹಡಿ ಮೆಟ್ಟಿಲು. ಅಷ್ಟರಲ್ಲಿ ಅವನು ಅವಳ ರಟ್ಟೆ ಹಿಡಿದು, ಮಗುವನ್ನು ಎತ್ತಿಕೊಂಡು, ನಗುನಗುತ್ತ ಹೊರಟೇಹೋಗುತ್ತಾನೆ. ಮೇಷ್ಟ್ರು ಹೆಂಡತಿಯನ್ನು ಕರೆದುಕೊಂಡು ಹೋಗಲು ಬಂದಿದ್ದಾರೆ ಎಂದು ಜನ ದಾರಿ ಬಿಡುತ್ತಾರೆ. ಅವಳು ಕೂಗುವುದಿಲ್ಲ. ಅವಳು ಯಾವತ್ತೂ ಕೂಗಿದವಳಲ್ಲ.

"ಅಳಿಸಿದ್ರಾ?" ಕಂಟ್ರೋಲರ್ ಕೂಗುತ್ತಿದ್ದರು.

ಇಂಟರ್‌ಕಾಮ್ ಕೆಳಗಿಟ್ಟೆ. ಬೋರ್ಡಿನ ವಿಂಡೋ ಒಳಗೆ ಕ್ಲಿಕ್ ಮಾಡಿದೆ. ಗೆರೆ ಅಲ್ಲೇ ಮಿನುಗುತ್ತಿದೆಯೇ ಎಂದು ಕಣ್ಣಾರೆ ನೋಡಿದೆ. ಈ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಗೇಟಿಗೆ ಬೆನ್ನು ಕೊಟ್ಟು, ಒಂದೊಂದು ಅಕ್ಷರ ಮೂಡುವುದನ್ನೂ ನೋಡುತ್ತ ಟೈಪ್ ಮಾಡಿದೆ. ಎರಡು ಸಲ ಅಳಿಸಿ ತಿದ್ದಿದೆ.

'ಏಳನೇ ಪ್ಲಾಟ್‌ಫಾರಂನಲ್ಲಿ ಹೆಲ್ಮೆಟ್ ಹಿಡಿದು ನಿಂತಿರುವ ಮೇಷ್ಟ್ರು ನನ್ನ ತಂಗಿಯ ಗಂಡ. ಈಗ ಬರುವ ಬಸ್ಸಿನಲ್ಲಿ ನನ್ನ ತಂಗಿ ಮತ್ತು ಮಗು ಇದ್ದಾರೆ. ಅವನಿಂದ ತಪ್ಪಿಸಿಕೊಂಡು ಬರುತ್ತಿದ್ದಾರೆ. ಎರಡು ಸಲ ಅವಳ ಕೈ ಮುರಿದಿದ್ದಾನೆ. ದಯವಿಟ್ಟು ಅವನನ್ನು ಹತ್ತಿರ ಬಿಡಬೇಡಿ.'

ಬೋರ್ಡಿನ ಭಾಷೆಯೇ ರೂಢಿಯಾಗಿ 'ದಯವಿಟ್ಟು' ತಾನಾಗಿ ಬಂತು. ಎಂಟರ್ ಒತ್ತಿ, ಗಂಟೆ ಬಡಿಯುವುದರೊಳಗೆ ಬಾಗಿಲು ದಾಟಿದ್ದೆ.

ಮೆಟ್ಟಿಲಲ್ಲಿ ಎದುರಿಗೆ ಆಯ್ತುಬಿಡಿ ಬ್ಯಾಗು ನೇತುಹಾಕಿಕೊಂಡು ಹತ್ತಿ ಬರುತ್ತಿದ್ದ. "ಮೇಡಂ, ಆ ಫೋಕಸ್—" ಎಂದ. ಅವನನ್ನು ಗೋಡೆಗೆ ತಳ್ಳಿ ಇಳಿದೆ. ಬಹುಶಃ ಅವನು ಜೀವನದಲ್ಲಿ ಒಂದು ಸಲ ಹೇಳಿದ ಹೊತ್ತಿಗೆ ಬಂದದ್ದು ಅವತ್ತೇ.

ಕೆಳಗೆ ಬಂದಾಗ ನಿಲ್ದಾಣ ನಾನು ಮೇಲಿಂದ ನೋಡುವ ನಿಲ್ದಾಣದಂತಿರಲಿಲ್ಲ. ಎಲ್ಲರೂ ಏಳನೇ ಪ್ಲಾಟ್‌ಫಾರಂ ಕಡೆ ತಿರುಗಿದ್ದರು. ಬಸ್ಸು ಗೇಟಿನೊಳಗೆ ಬಂದು, ತಿರುವಿನಲ್ಲೇ ಅಡ್ಡಡ್ಡವಾಗಿ ನಿಂತುಬಿಟ್ಟಿತ್ತು. ಡ್ರೈವರು ಸ್ಟೀರಿಂಗಿನ ಮೇಲೆ ಬಾಗಿ ಬೋರ್ಡು ಓದುತ್ತಿದ್ದ. ಬಾಗಿಲು ತೆರೆದಿರಲಿಲ್ಲ. ಹಿಂದಿನ ಬಸ್ಸು ಹಾರನ್ ಹೊಡೆಯುತ್ತಿದ್ದರೂ ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಟೀ ಅಂಗಡಿಯ ಹೆಂಗಸು, ಮೂರ್ನಾಲ್ಕು ಜನ ಪ್ರಯಾಣಿಕರು, ಒಬ್ಬ ಹಮಾಲಿ ಮೇಷ್ಟ್ರ ಮುಂದೆ ಬಂದು ನಿಂತಿದ್ದರು. ಯಾರೂ ಅವನನ್ನು ಮುಟ್ಟಿರಲಿಲ್ಲ. ಸುಮ್ಮನೆ ಬಸ್ಸಿಗೂ ಅವನಿಗೂ ನಡುವೆ ನಿಂತಿದ್ದರು.

"ಇದು ನಮ್ಮ ಮನೆ ವಿಷಯ" ಎನ್ನುತ್ತಿದ್ದ ಮೇಷ್ಟ್ರು, ಅದೇ ಮೆದು ದನಿಯಲ್ಲಿ. "ಗಂಡ ಹೆಂಡತಿ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ. ನೀವೆಲ್ಲ ಓದಿದವರು, ನಿಮಗೆ ನಾನು ಹೇಳ್ಬೇಕಾ?"

"ಅದೂ ಸರಿ" ಎಂದ ಕೈ ಕುಲುಕಿದ್ದ ಕಂಡಕ್ಟರು. ಅವನ ಮುಖದಲ್ಲಿ ಸಂಕಟವಿತ್ತು. "ಬೋರ್ಡಕ್ಕ, ನಾನು ಮೇಷ್ಟ್ರನ್ನ ಇವತ್ತು ನಿನ್ನೆಯಿಂದ ನೋಡ್ತಿಲ್ಲ. ನನ್ನ ಮಗನ್ನ ಒಂದೇಟು ಹೊಡೀದೆ ಪಾಸು ಮಾಡಿಸಿದವರು. ಏನೋ ತಪ್ಪು ತಿಳುವಳಿಕೆ ಆಗಿರ್ಬೇಕು."

ಕೆಲವರು ತಲೆದೂಗಿದರು. ಹಮಾಲಿ ಒಂದು ಹೆಜ್ಜೆ ಹಿಂದಕ್ಕೆ ಸರಿದ. ಗೇಣುದ್ದದ ಅಕ್ಷರದಲ್ಲಿ ಬರೆದದ್ದು ನಿಜ ಎಂದು ತೋರಿಸಲು ನನ್ನ ಹತ್ತಿರ ಏನಿತ್ತು? ಆಸ್ಪತ್ರೆಯಲ್ಲೂ ಅವಳು ಡಾಕ್ಟರಿಗೆ ಬಚ್ಚಲು, ಮೆಟ್ಟಿಲು ಅಂತಲೇ ಹೇಳಿದ್ದಳು.

"ಅವಳನ್ನೇ ಕೇಳೋಣ" ಎಂದ ಮೇಷ್ಟ್ರು. ದನಿಯಲ್ಲಿ ಎಳ್ಳಷ್ಟೂ ಅಳುಕಿಲ್ಲ. "ಅವಳು ಹೇಳಿದ ಹಾಗಾಗ್ಲಿ. ಬಾಗಿಲು ತೆಗೀರಪ್ಪ."

ಅವನಿಗೆ ಆ ಧೈರ್ಯ ಯಾಕೆ ಬಂತು ಎಂದು ನನಗೆ ಗೊತ್ತು. ಇಷ್ಟು ವರ್ಷ ಯಾರು ಕೇಳಿದರೂ ಅವಳು ಅವನ ಪರವಾಗಿಯೇ ಹೇಳಿಕೊಂಡು ಬಂದವಳು. ನನಗೂ ಅದೇ ಭಯ. ಇಷ್ಟು ಜನರ ಮುಂದೆ ಅವಳು ತಲೆ ತಗ್ಗಿಸಿ, ಅಕ್ಕ ಏನೋ ದುಡುಕಿದಳು, ನಾವು ಮನೆಗೆ ಹೋಗುತ್ತೇವೆ ಎಂದುಬಿಟ್ಟರೆ ಮುಗಿಯಿತು. ಆಮೇಲೆ ಅವಳನ್ನು ಯಾರೂ ಬಿಡಿಸುವುದಿಲ್ಲ, ನಾನೂ ಬಿಡಿಸಲಾರೆ.

ಡ್ರೈವರು ನನ್ನ ಕಡೆ ನೋಡಿದ. ನಾನು ಹೂಂ ಎಂದೆನೋ ಇಲ್ಲವೋ ನೆನಪಿಲ್ಲ. ಬಾಗಿಲು ತೆರೆಯಿತು. ತಂಗಿ ಮಗಳ ಕೈ ಹಿಡಿದು ಇಳಿದಳು. ಹೆಗಲಿಗೆ ಒಂದು ಚೀಲ, ಅಷ್ಟೇ. ಮೊದಲು ಗಂಡನನ್ನು ಕಂಡಳು. ಮುಖದ ಬಣ್ಣ ಹೋಯಿತು. ಮಗು ಅವಳ ಸೀರೆಯ ನೆರಿಗೆಯೊಳಗೆ ಮುಖ ಹುದುಗಿಸಿತು.

"ನೋಡು" ಎಂದ ಅವನು, ಮಗುವಿಗೆ ಹೇಳುವ ಹಾಗೆ ನಿಧಾನವಾಗಿ. "ನಿಮ್ಮಕ್ಕ ಊರೆಲ್ಲ ನೋಡೋ ಹಾಗೆ ಏನು ಬರೆದಿದಾರೆ ನೋಡು. ಓದು. ಅದು ಸರಿಯಾ, ತಪ್ಪಾ? ಎಲ್ಲರ ಮುಂದೆ ನೀನೇ ಹೇಳು."

ತಂಗಿ ತಲೆಯೆತ್ತಿ ಓದತೊಡಗಿದಳು. ಅವಳಿಗೆ ಮೊದಲಿನಿಂದಲೂ ತುಟಿ ಅಲುಗಿಸಿ ಓದುವ ಅಭ್ಯಾಸ. ಒಂದೊಂದೇ ಪದ ಅವಳ ತುಟಿಯ ಮೇಲೆ ದಾಟಿ ಹೋಗುವುದು ಕಾಣುತ್ತಿತ್ತು. ಕೊನೆಯವರೆಗೆ ಓದಿ, ಹಿಂದಕ್ಕೆ ಹೋಗಿ, ಇನ್ನೊಮ್ಮೆ ಓದಿದಳು.

"ತಪ್ಪು" ಎಂದಳು.

ಮೇಷ್ಟ್ರು ಸುತ್ತಲಿನವರ ಕಡೆ ತಿರುಗಿ ಕೈ ಚಾಚಿದ, ಕೇಳಿದಿರಲ್ಲ ಎನ್ನುವಂತೆ.

"ಎರಡು ಸಲ ಅಲ್ಲ ಅಕ್ಕ" ಎಂದಳು ತಂಗಿ. ಅವಳ ದನಿ ಅಷ್ಟು ದೊಡ್ಡದಾಗಿ ನಾನು ಯಾವತ್ತೂ ಕೇಳಿರಲಿಲ್ಲ. "ಮೂರು ಸಲ."

ಕಂಡಕ್ಟರು ಮುಂದೆ ಬಂದು ಮೇಷ್ಟ್ರ ಕೈಯಿಂದ ಹೆಲ್ಮೆಟ್ ತೆಗೆದುಕೊಂಡ. ಮೂರನೆಯದು ಯಾವಾಗ ಎಂದು ನಾನು ಕೇಳಲಿಲ್ಲ. ಅವಳ ಹೆಗಲಿನಿಂದ ಚೀಲ ಇಳಿಸಿ ನನ್ನ ಹೆಗಲಿಗೆ ಹಾಕಿಕೊಂಡೆ.